ಪೂಲ್ ನೀರು ಹಸಿರು, ಗುಳಿಗೆ ಹಾಕಿದಷ್ಟೂ ಬಣ್ಣ ಗಾಢ

ಪೆರ್ಲದ ತೋಟದವ:
ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಉಂಟು. ಅಡಿಕೆ ತೋಟದ ಅಂಚಿಗೇ ಪೂಲ್. ಉದ್ದ 24 ಅಡಿ, ಅಗಲ 12, ಆಳ ಮೂರೂವರೆಯಿಂದ ಐದು ಅಡಿ. ತುಂಬಿಸುವುದು ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯದ್ದು. ಮಳೆಗಾಲದಲ್ಲಿ ಅತಿಥಿಗಳಿಲ್ಲ ಅಂತ ಮೋಟಾರು ಒಂದೆರಡು ಗಂಟೆ ಮಾತ್ರ ಓಡಿಸುತ್ತಿದ್ದೆವು. ಈಗ ನೀರು ಕಡು ಹಸಿರು, ಎರಡನೇ ಮೆಟ್ಟಿಲೇ ಕಾಣುವುದಿಲ್ಲ. ಮಾರ್ಚ್‌ನಿಂದ ಹಾಕುತ್ತಿರುವುದು 200 ಗ್ರಾಂನ ಕ್ಲೋರಿನ್ ಗುಳಿಗೆ. ಡಬ್ಬದ ಮೇಲೆ ಟಿಸಿಸಿಎ 90 ಅಂತ ಇದೆ. ಹಸಿರು ಕಂಡ ಮೇಲೆ ಡಬಲ್ ಹಾಕಿದೆವು, ಏನೂ ಪ್ರಯೋಜನ ಆಗಲಿಲ್ಲ. ಎರಡು ಕೊಳವೆಯ ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ ಇದ್ದೂ ಇಲ್ಲದ ಹಾಗೆ, ಪಿಎಚ್ ಕಡೆ ಬರೀ ಹಳದಿ. ದೀಪಾವಳಿಗೆ ಬುಕಿಂಗ್ ಇದೆ. ಎಂತ ಮಾಡುವುದು?

ಬೇಕಲದ ಪೂಲ್ ಕೆಲಸದವ:
ಮೊದಲು ಗುಳಿಗೆ ಹಾಕುವುದನ್ನು ನಿಲ್ಲಿಸಿ. ನಿಮ್ಮ ಪೂಲ್ ಸುಮಾರು 35,000 ಲೀಟರ್ ಆಗುತ್ತದೆ (ಸರಾಸರಿ ಆಳ ನಾಲ್ಕೂಕಾಲು ಅಡಿ ಹಿಡಿದು, ಒಂದು ಘನ ಅಡಿಗೆ 28.3 ಲೀಟರ್). ಈ ಲೆಕ್ಕ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕು.

ಪಿಎಚ್ ಕೊಳವೆಯಲ್ಲಿ ಹಳದಿ ಬಂದರೆ 6.8 ಅಂತ ಅರ್ಥ ಅಲ್ಲ. ಆ ಬಣ್ಣದ ಪಟ್ಟಿ 6.8ಕ್ಕೆ ಮುಗಿಯುತ್ತದೆ, ಅಷ್ಟೆ. ನಿಜ 6 ಇರಬಹುದು, 5.5 ಕೂಡ ಇರಬಹುದು. ಮುರಕಲ್ಲಿನೊಳಗಿಂದ ಬರುವ ಸುರಂಗದ ನೀರು ಮೊದಲೇ ಹುಳಿ, ಮೆದು. ಟಿಸಿಸಿಎ ಗುಳಿಗೆಯೂ ಆಸಿಡ್. ಮಳೆ ನೀರು ಅದರ ಮೇಲೆ. ಮೂರೂ ಒಂದೇ ಕಡೆಗೆ ಎಳೆದಿವೆ.

ಒಂದು ಬಿಳಿ ಬಕೆಟ್‌ನಲ್ಲಿ ಪೂಲ್ ನೀರು ತೆಗೆದು, ಲಿಕ್ವಿಡ್ ಕ್ಲೋರಿನ್ ಒಂದು ಚಮಚ ಹಾಕಿ ನೆರಳಲ್ಲಿ ರಾತ್ರಿಯಿಡೀ ಬಿಡಿ. ಹಸಿರು ಹೋಗಿ ಬಿಳಿಚಿದರೆ ಪಾಚಿ. ಕಂದು ಆದರೆ ಕಬ್ಬಿಣ. ನೀಲಿ-ಹಸಿರು ಛಾಯೆ ಹಾಗೇ ನಿಂತರೆ ತಾಮ್ರ. ಜೊತೆಗೆ ಸಯನೂರಿಕ್ ಆಸಿಡ್, ತಾಮ್ರ ಎರಡನ್ನೂ ತೋರಿಸುವ ಟೆಸ್ಟ್ ಸ್ಟ್ರಿಪ್ ತರಿಸಿಕೊಳ್ಳಿ.

ಅಡೂರಿನವ:
ಇಷ್ಟಕ್ಕೆಲ್ಲ ಸ್ಟ್ರಿಪ್ ಯಾಕೆ ಭಾವ? ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತು ಉಳಿದಿರಬೇಕಲ್ವಾ. ಎರಡು ಮುಷ್ಟಿ ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಸಿ. ನಮ್ಮ ಕೆರೆಗೆ ಅದನ್ನೇ ಮಾಡುವುದು.

ಬೇಕಲದ ಪೂಲ್ ಕೆಲಸದವ:
ಬೇಡ ಮಾರಾಯ್ರೆ. ಮೈಲುತುತ್ತಿನಲ್ಲಿರುವುದು ತಾಮ್ರ. ಅದು ಪಾಚಿ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಕ್ಲೋರಿನ್ ಬಿಸಿಲಿಗೆ ಹಾರಿಹೋಗುತ್ತದೆ, ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಪಿಎಚ್ ಕಡಿಮೆ ಇರುವವರೆಗೆ ನೀರಲ್ಲಿ ಕರಗಿರುತ್ತದೆ. ಪಿಎಚ್ ಏರಿಸಿದ ದಿನ ಟೈಲ್ಸ್ ಮೇಲೆ ಕಲೆಯಾಗಿ ಕೂರುತ್ತದೆ. ಯಾವ ನೀರಿನಲ್ಲಿ ಎಷ್ಟು ಇದೆ ಅಂತ ಗೊತ್ತಿಲ್ಲದೆ ಮುಷ್ಟಿ ಲೆಕ್ಕದಲ್ಲಿ ಹಾಕುವುದು ಕೆರೆಗೂ ಒಳ್ಳೆಯದಲ್ಲ, ಮೀನು ಸಾಯುತ್ತದೆ.

ಪೆರ್ಲದವರೇ, ಬೋರ್ಡೋ ವಿಷಯ ಬಂತಲ್ಲ, ಒಂದು ಕೇಳಬೇಕು. ಪೂಲ್ ಪಕ್ಕದ ಮರಗಳಿಗೆ ಈ ವರ್ಷ ಸ್ಪ್ರೇ ಮಾಡಿಸಿದ್ದೀರಾ?

ಪೆರ್ಲದ ತೋಟದವ:
ಕೊಳೆರೋಗಕ್ಕೆ ಮಳೆಗೆ ಮೊದಲು ಒಂದು, ಆಟಿಯಲ್ಲಿ ಇನ್ನೊಂದು. ಪೂಲ್ ಮುಚ್ಚಿರಲಿಲ್ಲ. ಸೋಗೆಯಿಂದ ತೊಟ್ಟಿಕ್ಕಿದ್ದೂ ಅದರೊಳಗೇ ಬಿದ್ದಿರಬೇಕು. ನೀವು ಕೇಳಿದ ಮೇಲೆ ನೆನಪಾಯಿತು: ಚಿಕ್ಕಪ್ಪ ಆಗಾಗ ಈಜುತ್ತಿದ್ದರು, ಅವರ ನರೆತ ಕೂದಲು ಹಸಿರು ಹಸಿರು ಕಾಣುತ್ತಿತ್ತು. ಪಾಚಿ ಅಂತ ನಾವೆಲ್ಲ ನಗುತ್ತಿದ್ದೆವು.

ಬಕೆಟ್ ನೀರು ಬಿಳಿಚಿದೆ, ಅಡಿಯಲ್ಲಿ ಬೂದಿ ಹಾಗೆ ಕೂತಿದೆ. ಆದರೆ ಮೇಲಿನ ನೀರಿನಲ್ಲಿ ತೆಳು ನೀಲಿ ಉಳಿದಿದೆ. ಸ್ಟ್ರಿಪ್‌ನಲ್ಲಿ ಸಯನೂರಿಕ್ 90ರ ಆಸುಪಾಸು. ತಾಮ್ರ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಬಣ್ಣಕ್ಕೆ ಹತ್ತಿರ.

ಬೇಕಲದ ಪೂಲ್ ಕೆಲಸದವ:
ಹಾಗಾದರೆ ಎರಡೂ ಉಂಟು. ಮುಖ್ಯ ಸಮಸ್ಯೆ ಪಾಚಿ, ತಾಮ್ರ ಅದರ ಹಿಂದೆ ಅಡಗಿದೆ. ಕೂದಲಿಗೆ ಹಸಿರು ಹಿಡಿಸುವುದು ತಾಮ್ರವೇ.

ಗುಳಿಗೆ ಯಾಕೆ ಸೋತಿತು ಅಂತ ಹೇಳುತ್ತೇನೆ. ಟಿಸಿಸಿಎಯಲ್ಲಿ ಕ್ಲೋರಿನ್ ಜೊತೆ ಸಯನೂರಿಕ್ ಆಸಿಡ್ ಬರುತ್ತದೆ. ಅಂಗಡಿಯವರು ಸ್ಟೆಬಿಲೈಸರ್ ಅನ್ನುವುದು ಅದನ್ನೇ. 30ರಿಂದ 50 ಪಿಪಿಎಂ ಇದ್ದರೆ ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುತ್ತದೆ. ಜಾಸ್ತಿಯಾದರೆ ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡಲು ಬಿಡುವುದಿಲ್ಲ. ನಿಮ್ಮ ಪೂಲ್‌ಗೆ 200 ಗ್ರಾಂನ ಒಂದು ಗುಳಿಗೆ ಹಾಕಿದರೆ ಕ್ಲೋರಿನ್ 5 ಪಿಪಿಎಂ ಏರುತ್ತದೆ, ಸಯನೂರಿಕ್ 3 ಪಿಪಿಎಂ ಏರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿಯುತ್ತದೆ. ಮಾರ್ಚ್‌ನಿಂದ ಸೇರುತ್ತಾ ಬಂದಿದೆ. ಮಳೆಗೆ ಪೂಲ್ ತುಂಬಿ ಹರಿದದ್ದರಿಂದ 90ಕ್ಕೆ ನಿಂತಿದೆ, ಇಲ್ಲದಿದ್ದರೆ ಇನ್ನೂ ಮೇಲೆ ಹೋಗುತ್ತಿತ್ತು. ಇದನ್ನು ಇಳಿಸಲು ನಂಬುವಂಥ ಪುಡಿ ಯಾವುದೂ ಇಲ್ಲ. ನೀರು ಬದಲಿಸಬೇಕು. ಅದರಿಂದ ತಾಮ್ರವೂ ಇಳಿಯುತ್ತದೆ.

ಪೆರ್ಲದ ತೋಟದವ:
ಸುರಂಗದಲ್ಲಿ ಈಗ ನೀರು ಧಾರಾಳ ಅಣ್ಣ. ಪೂರ್ತಿ ಖಾಲಿ ಮಾಡಿ ತೊಳೆದು ತುಂಬಿಸಲಾ?

ಬೇಕಲದ ಪೂಲ್ ಕೆಲಸದವ:
ಈ ತಿಂಗಳು ಖಂಡಿತಾ ಬೇಡ. ಮಳೆ ಮುಗಿದ ಹೊಸತರಲ್ಲಿ ನೆಲದೊಳಗೆ ನೀರು ಮೇಲೇ ಇರುತ್ತದೆ. ಒಳಗಿನ ಭಾರ ಹೋದರೆ ಕೆಳಗಿನ ನೀರು ಪೂಲನ್ನು ಮೇಲಕ್ಕೆ ಒತ್ತುತ್ತದೆ. ತಳ ಬಿರುಕು ಬಿಡಬಹುದು, ಇಡೀ ತೊಟ್ಟಿಯೇ ಎದ್ದದ್ದೂ ಉಂಟು. ಆಮೇಲೆ ರಿಪೇರಿ ಖರ್ಚು ಕೇಳುವುದೇ ಬೇಡ.

ಮೂರನೇ ಒಂದು ಭಾಗ ಹೊರಗೆ ಬಿಡಿ, ಅಂದರೆ ಸುಮಾರು ಒಂದೂಕಾಲರಿಂದ ಒಂದೂವರೆ ಅಡಿ. ತುಂಬಿಸಿ, ಮೋಟಾರು ಓಡಿಸಿ ಬೆರೆಸಿ, ಮತ್ತೆ ಅಷ್ಟೇ ಬಿಡಿ. 90 ಇದ್ದದ್ದು 60, ಆಮೇಲೆ 40. ಹೊರಗೆ ಬಿಡುವ ನೀರು ತೋಡಿಗೂ ಬಾವಿ ಕಡೆಗೂ ಹೋಗದ ಹಾಗೆ ನೋಡಿಕೊಳ್ಳಿ.

ಆಮೇಲೆ ಅಡಿಗೆ ಸೋಡಾ. ಸುರಂಗದ ನೀರಿನಲ್ಲಿ ಅಲ್ಕಲಿನಿಟಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. 1,000 ಲೀಟರಿಗೆ 17 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ನಿಮಗೆ ಮೂರೂವರೆ ಕಿಲೋಗೆ 60 ಪಿಪಿಎಂ. ಸ್ಟ್ರಿಪ್‌ನಲ್ಲಿ 80 ದಾಟುವವರೆಗೆ ಅರ್ಧ ಅರ್ಧ ಹಾಕಿ. ವಾಷಿಂಗ್ ಸೋಡಾ ಒಮ್ಮೆಲೇ ಸುರಿಯಬೇಡಿ. ಅದರಿಂದ ಪಿಎಚ್ ಒಮ್ಮೆಗೇ ಜಿಗಿಯುತ್ತದೆ, ತಾಮ್ರ ಗೋಡೆ ಹಿಡಿಯುತ್ತದೆ. ಪಿಎಚ್ 7.2ಕ್ಕೆ ಬಂದರೆ ಸದ್ಯಕ್ಕೆ ಸಾಕು.

ಈಗ ಪಾಚಿ. ಲಿಕ್ವಿಡ್ ಕ್ಲೋರಿನ್ ಹೊಸ ಕ್ಯಾನ್ ತನ್ನಿ. ಸೆಕೆಗೆ ಅದರ ಶಕ್ತಿ ಇಳಿಯುತ್ತದೆ. ಸಯನೂರಿಕ್ 40 ಇದ್ದಾಗ ಪಾಚಿ ಸಾಯಲು ಕ್ಲೋರಿನ್ 16 ಪಿಪಿಎಂ ಬೇಕು. 10 ಶೇಕಡಾದ ಲಿಕ್ವಿಡ್ ಆದರೆ ಐದೂವರೆ ಲೀಟರ್. ಸಂಜೆ ಹಾಕಿ, ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ ಎಲ್ಲ ಬ್ರಷ್‌ನಿಂದ ಉಜ್ಜಿ. ಬೆಳಿಗ್ಗೆ ಅಳೆದು ಕಡಿಮೆಯಾದಷ್ಟು ಮತ್ತೆ ಹಾಕಿ. ಒಂದೇ ದಿನ ಜೋರಾಗಿ ಹಾಕಿ ಬಿಟ್ಟರೆ ಪಾಚಿ ತಿರುಗಿ ಬರುತ್ತದೆ. ಮೋಟಾರು ಇಡೀ ದಿನ ಓಡಲಿ. ಫಿಲ್ಟರ್‌ನ ಒತ್ತಡದ ಗೇಜ್ ಸಾಧಾರಣಕ್ಕಿಂತ 8ರಿಂದ 10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್, ಅಂದರೆ ನೀರು ಹಿಂದಕ್ಕೆ ಓಡಿಸಿ ಫಿಲ್ಟರ್ ತೊಳೆಯುವುದು.

ನಿಮ್ಮ ಕಿಟ್ ಅಷ್ಟು ಕ್ಲೋರಿನ್ ಅಳೆಯುವುದಿಲ್ಲ. ಒಂದು ಪಾಲು ಪೂಲ್ ನೀರಿಗೆ ಒಂಬತ್ತು ಪಾಲು ಕುಡಿಯುವ ಬಾಟಲಿ ನೀರು ಬೆರೆಸಿ ನೋಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಕ್ಲೋರಿನ್ ಜಾಸ್ತಿ ಇರುವಾಗ ಪಿಎಚ್ ಬಣ್ಣ ನಂಬಬೇಡಿ.

ಅಡೂರಿನವ:
ಲಿಕ್ವಿಡ್ ಸಿಗದಿದ್ದರೆ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಆಗದಾ?

ಬೇಕಲದ ಪೂಲ್ ಕೆಲಸದವ:
ಆಗುತ್ತದೆ. ಹೊಸ ಪೌಡರ್‌ನಲ್ಲಿ 30 ಶೇಕಡಾ ಹಿಡಿಯಿರಿ, ಇಷ್ಟಕ್ಕೆ ಎರಡು ಕಿಲೋ ಹತ್ತಿರ ಬೇಕು. ಬಕೆಟ್‌ನಲ್ಲಿ ಕದಡಿ, ಸುಣ್ಣ ಕೂತ ಮೇಲೆ ತಿಳಿ ಮಾತ್ರ ಪೂಲ್‌ಗೆ. ಆದರೆ ಗುಳಿಗೆ ಹಾಕಿದ್ದ ಡಬ್ಬ, ಚಮಚ, ತೇಲುವ ಬುಟ್ಟಿ ಇದಕ್ಕೆ ಮುಟ್ಟಿಸಬೇಡಿ. ಟಿಸಿಸಿಎಯೂ ಬ್ಲೀಚಿಂಗ್ ಪೌಡರೂ ಬೆರೆತರೆ ಬೆಂಕಿ, ಸ್ಫೋಟ ಎರಡೂ ಆಗಬಹುದು. ಆಸಿಡ್ ಬಾಟಲಿಯೂ ಬೇರೆ ಕೋಣೆಯಲ್ಲಿರಲಿ, ಕ್ಲೋರಿನ್‌ಗೆ ತಾಗಿದರೆ ವಿಷದ ಗಾಳಿ ಏಳುತ್ತದೆ.

ಪೆರ್ಲದ ತೋಟದವ:
ಎರಡು ಸಲ ನೀರು ಬದಲಿಸಿ, ಹೇಳಿದ ಹಾಗೇ ಮಾಡಿದೆವು. ಹಸಿರು ಹೋಯಿತು. ಈಗ ಮಜ್ಜಿಗೆ ನೀರಿನ ಹಾಗೆ ಬಿಳಿ. ಫಿಲ್ಟರ್ ಓಡುತ್ತಲೇ ಇದೆ, ತಳ ಮಾತ್ರ ಮಸುಕು.

ಬೇಕಲದ ಪೂಲ್ ಕೆಲಸದವ:
ಅದು ಸತ್ತ ಪಾಚಿ. ಕಣ ಸಣ್ಣದು, ಮರಳಿನ ಫಿಲ್ಟರ್‌ನಲ್ಲಿ ನುಸುಳಿ ವಾಪಸ್ ಬರುತ್ತದೆ. ಕಾದರೆ ತಾನಾಗಿ ಹೋಗುತ್ತದೆ, ಆದರೆ ನಿಮಗೆ ದೀಪಾವಳಿ ಉಂಟಲ್ವಾ. ಒಂದು ಕಿಲೋ ಆಲಂ ಬಕೆಟ್‌ನಲ್ಲಿ ಕರಗಿಸಿ ಸುತ್ತಲೂ ಚೆಲ್ಲಿ. ವಾಲ್ವ್ ರೀಸರ್ಕ್ಯುಲೇಟ್‌ಗೆ (ನೀರು ಫಿಲ್ಟರ್ ಮುಟ್ಟದೆ ಸುತ್ತುವ ಹಾಗೆ) ಇಟ್ಟು ಎರಡು ಗಂಟೆ ಓಡಿಸಿ, ರಾತ್ರಿ ಬಂದ್ ಮಾಡಿ. ಬೆಳಿಗ್ಗೆ ತಳದಲ್ಲಿ ಹತ್ತಿಯ ಹಾಗೆ ಕೂತಿರುತ್ತದೆ. ಉಳಿದ ತಾಮ್ರವೂ ಸ್ವಲ್ಪ ಅದರ ಜೊತೆ ಇಳಿಯುತ್ತದೆ. ವಾಲ್ವ್ ವೇಸ್ಟ್‌ಗೆ (ನೀರು ನೇರ ಹೊರಗೆ ಹೋಗುವ ಹಾಗೆ) ತಿರುಗಿಸಿ ನಿಧಾನವಾಗಿ ವ್ಯಾಕ್ಯೂಮ್ ಮಾಡಿ. ಫಿಲ್ಟರ್ ಮೂಲಕ ಎಳೆದರೆ ಮರಳೆಲ್ಲ ಕಟ್ಟಿಕೊಳ್ಳುತ್ತದೆ. ಆಲಂನಿಂದ ಅಲ್ಕಲಿನಿಟಿ ಇಳಿಯುತ್ತದೆ, ಮತ್ತೆ ಅಳೆಯಿರಿ.

ಪೆರ್ಲದ ತೋಟದವ:
ತಳದ ಜಾಲರಿ ಸ್ಪಷ್ಟ ಕಾಣುತ್ತಿದೆ! ತಾಮ್ರ 0.2ಕ್ಕೆ ಬಂದಿದೆ. ಜನರನ್ನು ಇಳಿಸಬಹುದಾ?

ಬೇಕಲದ ಪೂಲ್ ಕೆಲಸದವ:
ಕತ್ತಲಾದ ಮೇಲೆ ಕ್ಲೋರಿನ್ ಅಳೆಯಿರಿ, ಸೂರ್ಯ ಹುಟ್ಟುವ ಮೊದಲು ಇನ್ನೊಮ್ಮೆ. ವ್ಯತ್ಯಾಸ 1 ಪಿಪಿಎಂ ಒಳಗಿದ್ದರೆ ಪಾಚಿ ಉಳಿದಿಲ್ಲ. ಜಾಸ್ತಿ ಇಳಿದರೆ ಎಲ್ಲೋ ಉಳಿದಿದೆ, ದೀಪದ ಗಾಜಿನ ಹಿಂದೆ ನೋಡಿ. ಆಮೇಲೆ ಕ್ಲೋರಿನ್ 3ರಿಂದ 5ಕ್ಕೆ ಇಳಿಯಲಿ, ಪಿಎಚ್ 7.2ರಿಂದ 7.6ರ ನಡುವೆ ಇರಲಿ, ಆಗ ಇಳಿಸಿ. ಕ್ಲೋರಿನ್ ಇಲ್ಲದ ನೀರಿಗೆ ಮಾತ್ರ ಯಾರನ್ನೂ ಬಿಡಬೇಡಿ. ಕೇರಳದಲ್ಲಿ 2024, 2025ರಲ್ಲಿ ಅಮೀಬಾ ಮೆದುಳು ಜ್ವರದ ಸುದ್ದಿ ಎಷ್ಟು ಬಂತು ನೋಡಿದ್ದೀರಲ್ಲ. ಕ್ಲೋರಿನ್ ಇಲ್ಲದ ಬೆಚ್ಚಗಿನ ಸಿಹಿನೀರಿನಲ್ಲಿ ಆ ಅಮೀಬಾ ಇರಬಹುದು, ಮೂಗಿನ ಮೂಲಕ ಒಳಗೆ ಹೋಗುತ್ತದೆ.

ಇನ್ನು ದಿನಾ ಲಿಕ್ವಿಡ್ ಹಾಕಿ. ನೀವು ಮನೆಯಲ್ಲಿ ಇಲ್ಲದ ದಿನಗಳಿಗೆ ಮಾತ್ರ ಗುಳಿಗೆ ಸಾಕು. ಮುಂದಿನ ಸ್ಪ್ರೇಗೆ ಮೊದಲು ಟಾರ್ಪಾಲು ಎಳೆಯಿರಿ.

ಪೆರ್ಲದ ತೋಟದವ:
ಟಾರ್ಪಾಲು ಇದೆ, ಅಡಿಕೆ ಅಂಗಳದ್ದು. ಚಿಕ್ಕಪ್ಪ ಕೇಳುತ್ತಿದ್ದಾರೆ, ಕೂದಲಿಗೆ ಎಂತ ಹಚ್ಚುವುದು ಅಂತ.

ಬೇಕಲದ ಪೂಲ್ ಕೆಲಸದವ:
ಕತ್ತರಿಸುವುದೇ ಸುಲಭ. ಹೊಸತು ಬಿಳಿಯೇ ಬರುತ್ತದೆ.