ಹನ್ನೊಂದೇ ಜನರ ಮೇಲೆ ಮಾಡಿದ್ದು!

ವಿನಯ್ (ಫಾರ್ವರ್ಡ್): ದಿನಾ 4 ಗಂಟೆ ಮಲಗಿದರೆ 6 ದಿನದಲ್ಲಿ ಸಕ್ಕರೆ ಕಾಯಿಲೆ! ಚಿಕಾಗೋ ವಿಜ್ಞಾನಿ ಈವ್ ವಾನ್ ಕಾಟರ್ ಸಾಬೀತು!! ಎಲ್ಲರಿಗೂ ಕಳಿಸಿ 🙏

ಗಿರೀಶ್: ಇದು 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಪೇಪರ್ ಕಣೋ. ಬರೀ 11 ಹುಡುಗರು. ಇಷ್ಟಕ್ಕೇ ಊರನ್ನೆಲ್ಲ ಹೆದರಿಸೋದಾ?

ಸುಧಾ: ಫಾರ್ವರ್ಡ್ ತಪ್ಪು, ಒಪ್ತೀನಿ. ಆದ್ರೆ 11 ಅಂತ ಪೇಪರನ್ನ ತಳ್ಳಿಹಾಕ್ಬೇಡ. ಅವರನ್ನ ಒಟ್ಟು 16 ರಾತ್ರಿ ಲ್ಯಾಬಲ್ಲಿ ಮಲಗಿಸಿದ್ರು. 3 ರಾತ್ರಿ 8 ಗಂಟೆ, 6 ರಾತ್ರಿ 4 ಗಂಟೆ, ಆಮೇಲೆ 7 ರಾತ್ರಿ 12 ಗಂಟೆ. ಪ್ರತಿಯೊಬ್ಬನನ್ನೂ ಅವನ ಜೊತೆಗೇ ಹೋಲಿಸಿದ್ದು. ವಂಶದ್ದು, ಮೈಕಟ್ಟಿಂದು ಯಾವ ವ್ಯತ್ಯಾಸವೂ ಲೆಕ್ಕ ಕೆಡಿಸಲ್ಲ. ನರಕ್ಕೆ ಗ್ಲೂಕೋಸ್ ಕೊಟ್ಟಾಗ, ನಿದ್ದೆಗೆಟ್ಟಾಗ ಅದು ರಕ್ತದಿಂದ ಇಳಿಯೋ ವೇಗ, 12 ಗಂಟೆ ಮಲಗಿದ ಮೇಲಿನದಕ್ಕಿಂತ ಸುಮಾರು 40% ಕಡಿಮೆ. ಸಂಜೆ ಇಳೀಬೇಕಾದ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿತ್ತು.

ಗಿರೀಶ್: 12 ಗಂಟೆ ಜೊತೆ ಹೋಲಿಸಿದ್ರೆ ಹಾಗೇ ಬರುತ್ತೆ! ಎಲ್ಲರಿಗೂ ಮೊದಲು 4, ಆಮೇಲೆ 12. ಕ್ರಮ ಅದಲುಬದಲು ಮಾಡೇ ಇಲ್ಲ. ಲ್ಯಾಬಿಗೆ ಒಗ್ಗಿಕೊಂಡೇ ಕೊನೇಲಿ ಸುಧಾರಿಸಿರಬಹುದಲ್ಲ?

ಸುಧಾ: ಸರಿಯಾದ ತಕರಾರು. ಅದೇ ತಂಡದ 2004ರ ಪ್ರಯೋಗದಲ್ಲಿ ಅದನ್ನ ತಿದ್ದಿದ್ರು. 12 ಜನ, 2 ರಾತ್ರಿ 4 ಗಂಟೆ, 2 ರಾತ್ರಿ 10 ಗಂಟೆ, ಯಾವುದು ಮೊದಲು ಅನ್ನೋದು ಚೀಟಿ ಎತ್ತಿದ ಹಾಗೆ. ರಕ್ತ ತೆಗೆಯೋ ದಿನ ಊಟದ ಬದಲು ಒಂದೇ ವೇಗದ ಗ್ಲೂಕೋಸ್ ಡ್ರಿಪ್, ಇಲ್ಲಾಂದ್ರೆ ಪ್ರತಿ ಊಟಕ್ಕೂ ಹಸಿವಿನ ಹಾರ್ಮೋನ್ ಏರಿಳಿದು ನಿದ್ದೆಯ ಪರಿಣಾಮ ಮುಚ್ಚಿಹೋಗುತ್ತೆ. ಹೊಟ್ಟೆ ತುಂಬಿತು ಅನ್ನೋ ಹಾರ್ಮೋನ್ ಲೆಪ್ಟಿನ್ 18% ಇಳೀತು, ಹಸಿವೆಬ್ಬಿಸೋ ಘ್ರೆಲಿನ್ 28% ಏರ್ತು, ಹಸಿವು 24% ಜಾಸ್ತಿ.

ವಿನಯ್: ಹಾಗಾದ್ರೆ ನಾನು ಹಾಕಿದ್ದು ಸರಿ ತಾನೇ?

ಗಿರೀಶ್: ಇಲ್ಲ ಮಾರಾಯ. ಗ್ಲೂಕೋಸ್ ತಾಳಿಕೊಳ್ಳೋ ಶಕ್ತಿ ಕುಗ್ಗೋದೇ ಬೇರೆ, ಡಯಾಬಿಟಿಸ್ ಬೇರೆ. ಆ ಹುಡುಗರು ನಿದ್ದೆ ಸಿಕ್ಕ ಮೇಲೆ ಸರಿಹೋದ್ರು. ಅವರಿಗೆ ಕಾಯಿಲೆ ಬಂತು ಅಂತ ಆ ಪೇಪರ್ ಹೇಳಿಲ್ಲ.

ಪ್ರಭಾ ಮೇಡಂ: ನೀವಿಬ್ಬರೂ ಗಂಟೆ ಎಣಿಸ್ತಾ ಇದ್ದೀರಿ. ವಾನ್ ಕಾಟರ್ ತಂಡದ 2008ರ ಕೆಲಸ ನೋಡಿ. ನನಗಂತೂ ಅದೇ ಎಲ್ಲಕ್ಕಿಂತ ಮೇಲು. ನಿದ್ದೆಯ ಒಟ್ಟು ಅವಧಿಯನ್ನ ಮುಟ್ಟಲೇ ಇಲ್ಲ! ಮೆದುಳಿನ ತರಂಗ ನೋಡ್ತಾ, ಗಾಢನಿದ್ದೆಯ ನಿಧಾನ ಅಲೆ ಕಂಡಾಗಲೆಲ್ಲ ಸದ್ದು ಮಾಡೋದು. ಸದ್ದು ಜೋರಾದ್ರೆ ಎಚ್ಚರವಾಗಿ ಅವಧಿ ಕಡಿಮೆಯಾಗುತ್ತೆ, ಪ್ರಯೋಗ ಕೆಟ್ಟಿತು. ಮೆತ್ತಗಾದ್ರೆ ಅಲೆ ಮುರಿಯಲ್ಲ. 9 ಜನ, 3 ರಾತ್ರಿ. ಇನ್ಸುಲಿನ್‌ಗೆ ದೇಹ ಸ್ಪಂದಿಸೋದು ಸುಮಾರು 25% ಕುಸೀತು, ಅದನ್ನ ಸರಿದೂಗಿಸೋಷ್ಟು ಇನ್ಸುಲಿನ್ ದೇಹ ಸುರಿಸಲಿಲ್ಲ.

ಸುಧಾ: ಹೌದು ಮೇಡಂ. ವಾನ್ ಕಾಟರ್ ಬ್ರಸೆಲ್ಸ್‌ನಲ್ಲಿ ಕಲಿತು ಬಂದವರು, ಹಾರ್ಮೋನಿನ 24 ಗಂಟೆಯ ಏರಿಳಿತದ ಗಣಿತ ಗೊತ್ತಿತ್ತು. ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದೇ ಸಲ ರಕ್ತ ತೆಗೆದಿದ್ರೆ ಸಂಜೆಯ ಕಾರ್ಟಿಸಾಲ್ ಕಾಣ್ತಾನೇ ಇರ್ಲಿಲ್ಲ.

ಗಿರೀಶ್: ಆದ್ರೂ ಎಲ್ಲರೂ ತೆಳ್ಳಗಿನ ಎಳೆಯರು, ಕೆಲವೇ ರಾತ್ರಿ. ವರ್ಷಗಟ್ಟಲೆ ನೈಟ್ ಶಿಫ್ಟ್ ಮಾಡೋರಿಗೆ ಇದೇ ಅಂಕಿ ಅಂಟಿಸಕ್ಕಾಗಲ್ಲ.

ಪ್ರಭಾ ಮೇಡಂ: ಒಪ್ಪಿದೆ. ಆದ್ರೆ ಶುಗರ್ ಹತೋಟಿಗೆ ಬರದವರನ್ನ 'ಎಷ್ಟು ಗಂಟೆ ಮಲಗ್ತೀರಿ' ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಗೊರಕೆ, ಮಧ್ಯೆ ಉಸಿರು ನಿಲ್ಲೋದು, ಎಂಟು ಗಂಟೆ ಮಲಗಿದ್ರೂ ಹಗಲು ತೂಕಡಿಕೆ, ಇವನ್ನ ಜೊತೇಲಿ ಮಲಗೋರ ಹತ್ರ ಕೇಳಿ. ವಿನಯ್, ಆ ಫಾರ್ವರ್ಡ್ ಅಳಿಸಪ್ಪ.

ವಿನಯ್: ಅಳಿಸಿದೆ ಮೇಡಂ. ಬೇರೆ ಎರಡು ಗುಂಪಿಗೂ ಹಾಕಿದ್ದೆ, ಅಲ್ಲೂ ತಿದ್ದಿ ಬರೀತೀನಿ.