ಪದ ಬೇಕಿತ್ತು: ಬುಲ್‌ವಿಪ್ಪಿನ ತುದಿಗೆ ಎಂತ ಹೇಳುವುದು?

ಮಂಗಳೂರಿನಿಂದ, ಬೆಳಿಗ್ಗೆ ೧೦:೧೨
ಬಲ್ಲವರಲ್ಲಿ ವಿನಂತಿ. ಕೈಯಲ್ಲಿ ಹೆಣೆದ ಬುಲ್‌ವಿಪ್, ಅಂದರೆ ಬೀಸಿ ಛಟೀರೆನ್ನಿಸುವ ತೊಗಲಿನ ಉದ್ದ ಹೆಣಿಗೆ, ಕೊಳ್ಳುವವರಿಗಾಗಿ ಒಂದು ಕರಪತ್ರ ಕನ್ನಡಕ್ಕೆ ಮಾಡುತ್ತಿದ್ದೇನೆ. ಹಂಪನಕಟ್ಟೆಯ ಪ್ರೆಸ್ಸಿಗೆ ಸಂಜೆ ಐದರೊಳಗೆ ಫೈಲು ಹೋಗಬೇಕು. ದನ ಓಡಿಸುವುದಕ್ಕಲ್ಲ, ನೇತುಹಾಕಿದ ಕಾಗದದ ಪಟ್ಟಿಯನ್ನು ಗುರಿಯಿಟ್ಟು ತುಂಡರಿಸುವ ಆಟಕ್ಕೆ. ಮೂರು ಪದ ಬೇಕು. ಒಂದು, ಇಡೀ ಸಾಮಾನಿಗೆ. ಇನ್ನೊಂದು, ಹೆಣಿಗೆ ಮುಗಿದಲ್ಲಿ ಗಂಟುಹಾಕುವ ಒಂಟಿ ತೊಗಲಿನ ಪಟ್ಟಿಗೆ. ಇಂಗ್ಲಿಷಿನಲ್ಲಿ ಅದನ್ನು ಫಾಲ್ ಅನ್ನುತ್ತಾರೆ. ಕೊನೆಯದು, ಅದರ ತುದಿಗೆ ಕಟ್ಟುವ ನೂಲಿನ ಕುಚ್ಚಿಗೆ, ಅಂದರೆ ಕ್ರ್ಯಾಕರಿಗೆ. ಛಟೀರೆನ್ನುವುದು ಅದೇ. ಬೀಸಿದಾಗ ಅದು ಶಬ್ದದ ವೇಗವನ್ನು, ಸೆಕೆಂಡಿಗೆ ಸುಮಾರು ೩೪೦ ಮೀಟರನ್ನು, ದಾಟುತ್ತದೆ. ಪಟಾಕಿ ಅಂತ ಬರೆದರೆ ದೀಪಾವಳಿ ಆದೀತು.

ಉಡುಪಿಯಿಂದ, ೧೦:೪೦
ಬಾರುಕೋಲು. ಇದಕ್ಕೆ ಚರ್ಚೆ ಯಾಕೆ? ಬಾರು ಅಚ್ಚಗನ್ನಡ. ತಮಿಳಿನ ವಾರ್, ನಮ್ಮ ಬಾರ್. ವಾಯ್–ಬಾಯ್, ವಿಲ್–ಬಿಲ್ ಇದ್ದ ಹಾಗೆ. ದುರ್ಗಮುರ್ಗಿಯವರ ಕೈಯಲ್ಲಿರುವುದೂ ಬಾರುಕೋಲೇ. ಫಾಲ್, ಕ್ರ್ಯಾಕರ್ ಎರಡಕ್ಕೂ ‘ತುದಿ’ ಸಾಕು.

ಮಂಗಳೂರಿನಿಂದ, ೧೧:೦೫
ಮಾಷ್ಟ್ರೇ, ಸಾಕಾಗುವುದಿಲ್ಲ. ೬ ಅಡಿಯ ಬುಲ್‌ವಿಪ್ ಅಂದರೆ ಹಿಡಿ ಮತ್ತು ಹೆಣಿಗೆ ಸೇರಿ ೬ ಅಡಿ. ಫಾಲ್, ಕ್ರ್ಯಾಕರ್ ಲೆಕ್ಕಕ್ಕಿಲ್ಲ. ಎರಡನ್ನೂ ‘ತುದಿ’ ಮಾಡಿಬಿಟ್ಟರೆ ಗುರಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಓದುವವರಿಗೆ ತಿಳಿಯುವುದು ಹೇಗೆ? ಇನ್ನು ಬಾರುಕೋಲಿನಲ್ಲಿ ಕೋಲೇ ಬೇರೆ, ಬಾರೇ ಬೇರೆ. ಇದರಲ್ಲಿ ಹಿಡಿಯ ಮೇಲಿಂದಲೇ ಹೆಣಿಗೆ ಶುರುವಾಗಿ ಜಡೆಯ ಹಾಗೆ ಸಪುರವಾಗುತ್ತಾ ಹೋಗುತ್ತದೆ, ನಡುವೆ ಕೀಲಿಲ್ಲ. ನಿಮ್ಮ ಪದ ಆಸ್ಟ್ರೇಲಿಯದ ಸ್ಟಾಕ್‌ವಿಪ್ಪಿಗೆ ಸರಿಹೋದೀತು, ಅದರ ಹಿಡಿ ಬೇರೆಯೇ.

ಮೂಡುಬಿದಿರೆಯಿಂದ, ೧೧:೩೦
ಚಬುಕು ಅಂತ ಬರೆಯಿರಿ ಮಾರಾಯ್ರೆ, ಎಲ್ಲರಿಗೂ ಗೊತ್ತುಂಟು. ಚಾಟಿ ಮಾತ್ರ ಬೇಡ, ನಾವು ಸಣ್ಣವರಿರುವಾಗ ಅದು ಬುಗುರಿಗೆ ಸುತ್ತುವ ಹುರಿ.

ಉಡುಪಿಯಿಂದ, ೧೧:೩೪
ಚಬುಕು ಪಾರಸಿ. ಪರಭಾಷೆಯ ಪದ ಬೇಡವೆಂಬ ಬಳಗದ ನಿಯಮ ಓದಿ.

ಮೂಡುಬಿದಿರೆಯಿಂದ, ೧೨:೧೦
ಓದಿದ್ದೇನೆ. ಕಂಬಳದ ಕನೆಹಲಗೆ ಓಟದಲ್ಲಿ ಕೋಣಗಳು ನೀರು ಹಾಯಿಸುವುದು ಎಲ್ಲಿಗೆ? ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ. ಆ ನಿಶಾನೆ ಯಾವ ಹಳಗನ್ನಡ ಕಾವ್ಯದಿಂದ ಬಂತು? ಅದೂ ಪಾರಸಿಯೇ. ಇದೇ ಚಾಬುಕ್ ಮಲಯದ ಮೂಲಕ ದಕ್ಷಿಣ ಆಫ್ರಿಕಕ್ಕೆ ಹೋಗಿ ಶಾಂಬೋಕ್ ಆಯಿತು. ಪಾಪ, ಅಲ್ಲಿಯವರು ನಮ್ಮ ಬಳಗದ ನಿಯಮ ಓದಿರಲಿಲ್ಲ.

ಉಡುಪಿಯಿಂದ, ೧೨:೧೫
ಗುರಿ ಇರುವಾಗ ನಿಶಾನೆ ಯಾಕೆ? ಕಳೆದ ಸಲ ‘ಮಿಕ್ಸಿ’ಗೆ ಬಾಗಿಲು ತೆಗೆದವರೂ ನೀವೇ.

ಕುಂದಾಪುರದಿಂದ, ೩:೫೦
ಮಿಕ್ಸಿ ಆಚೆ ಇಡಿ, ಅವರಿಗೆ ಪ್ರೆಸ್ಸಿಗೆ ಹೊತ್ತಾಯಿತು. ಪೇಟದ ಇಳಿಬಿಟ್ಟ ತುದಿ ಚುಂಗು ಅಲ್ಲವಾ? ನೂಲಿನ ಕುಚ್ಚಿಗೆ ಅದೇ ಇರಲಿ. ಫಾಲ್ ಒಂಟಿ ತೊಗಲಿನ ಪಟ್ಟಿಯಾದರೆ ಅದೇ ಬಾರು. ಚಪ್ಪಲಿಯ ಬಾರು ಕಿತ್ತುಹೋಯಿತು ಅನ್ನುತ್ತೇವಲ್ಲ, ಹಾಗೆ.

ಮಂಗಳೂರಿನಿಂದ, ೪:೪೮
ಕಳಿಸಿಯಾಯ್ತು. ಚಾವಟಿ, ಬಾರು, ಚುಂಗು. ಕ್ರಿಯಾಪದ ಸಿಡಿಸು. ವಾಕ್ಯಗಳು ಹೀಗೆ ಬಂದವು: ‘ಗುರಿಯಿಟ್ಟು ಸಿಡಿಸಲು ಕಲಿಯುವವರಿಗೆ ೮ ಅಡಿಗಿಂತ ೬ ಅಡಿಯ ಚಾವಟಿ ಸುಲಭ. ಕಾಂಗರೂ ತೊಗಲು ತೆಳುವಾದರೂ ಗಟ್ಟಿ, ೧೨ ಎಳೆಯಲ್ಲಿ ಹೆಣೆದದ್ದು ಸಿಗುತ್ತದೆ. ಹಿಡಿಯಿಂದ ಬಾರಿನವರೆಗೆ ಒಂದೇ ಹದದಲ್ಲಿ ಸಪುರವಾಗಿದೆಯೇ ಎಂದು ಬೆರಳಲ್ಲಿ ಸವರಿ ನೋಡಿ. ನಡುವೆ ಎಲ್ಲಾದರೂ ತಟ್ಟನೆ ಮೆತ್ತಗೆ ಸಿಕ್ಕಿದರೆ ಬೇಡ. ಮೊದಲು ಸವೆಯುವುದು ಚುಂಗು, ಆಗಾಗ ಹೊಸದು ಕಟ್ಟಿ.’ ಮಾಷ್ಟ್ರೇ, ನಿಮ್ಮ ಬಾರು ಉಳಿಯಿತು.

ಉಡುಪಿಯಿಂದ, ೪:೫೧
ಅರ್ಧ ಉಳಿಯಿತು. ಕೋಲು ಎಲ್ಲಿ?