ನಾಯಿಗಳ ಆಶ್ರಯಧಾಮಕ್ಕೆ ಹೋದರೆ ಪೊರಕೆ ಕೊಟ್ಟರು, ಎಲ್ಲ ಕಡೆಯೂ ಹೀಗೆಯೇ?

ವಿನಾಯಕ, ಝುವಾರಿನಗರ (ಗೋವಾ)

ನಾನು ಧಾರವಾಡದವನು. ವೆರ್ಣಾದ ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ, ಭಾನುವಾರ ರಜೆ. ಊರಿನಲ್ಲಿ ನಾಯಿಗಳ ಜೊತೆಯೇ ಬೆಳೆದವನು. ಇಲ್ಲಿನ ಬಾಡಿಗೆ ಕೋಣೆಯಲ್ಲಿ ಸಾಕಲು ಮಾಲೀಕರು ಬಿಡುವುದಿಲ್ಲ. ಹಾಗಾಗಿ ಒಂದು ಆಶ್ರಯಧಾಮಕ್ಕೆ ಸ್ವಯಂಸೇವಕನಾಗಿ ಹೋದೆ. ನಾಯಿಗಳನ್ನು ಆಡಿಸಬಹುದು, ಅಡ್ಡಾಡಿಸಿಕೊಂಡು ಬರಬಹುದು ಎಂದುಕೊಂಡಿದ್ದರೆ ಕೈಗೆ ಪೊರಕೆ ಕೊಟ್ಟರು. ಮಧ್ಯಾಹ್ನದವರೆಗೆ ಹೇಲು ಬಳಿದದ್ದೇ ಬಂತು. ಒಂದು ನಾಯಿಯ ತಲೆಯನ್ನೂ ಸವರಲು ಬಿಡಲಿಲ್ಲ.

ಎಲ್ಲ ಕಡೆಯೂ ಇದೇ ಪದ್ಧತಿಯೇ? ಕೊಂಕಣಿ ನನಗೆ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೇ. ಅವ್ವ ಬೇರೆ ಫೋನಿನಲ್ಲಿ ‘ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’ ಎಂದು ಹೆದರಿಸುತ್ತಿದ್ದಾಳೆ. ತಿಳಿದವರು ಹೇಳಿ.

ಶಾರದಾ, ಮಾಪ್ಸಾ

ತಮ್ಮಾ, ನನ್ನ ಮಗನ ವಯಸ್ಸಿನವನು, ಏಕವಚನದಲ್ಲಿಯೇ ಬರೆಯುತ್ತೇನೆ. ಪೊರಕೆ ಕೊಟ್ಟವರು ತಿಳಿವಳಿಕೆಯುಳ್ಳವರು. ಗುರುತು ಪರಿಚಯವಿಲ್ಲದವನ ಕೈಗೆ ಮೊದಲ ದಿನವೇ ನಾಯಿಯ ಹಗ್ಗ ಕೊಡುವ ಜಾಗವಿದ್ದರೆ ಅತ್ತ ತಲೆ ಹಾಕಬೇಡ.

ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ನಾನು ಇದಕ್ಕೆ ಇಳಿದೆ. ಈಗಲೂ ನನ್ನ ಬೆಳಗು ಹೇಲಿನಿಂದಲೇ ಆರಂಭ. ಅದಕ್ಕೂ ಒಂದು ಕ್ರಮವಿದೆ. ಮೊದಲು ಗಟ್ಟಿ ಹೊಲಸನ್ನೆಲ್ಲ ಎತ್ತಬೇಕು, ಆಮೇಲೆ ಸೋಪಿನ ನೀರು, ಅದಾದ ಮೇಲೆ ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್. ಹತ್ತು ನಿಮಿಷ ಹಾಗೆಯೇ ಬಿಟ್ಟು ತೊಳೆದು ಒಣಗಿಸಬೇಕು. ಹೊಲಸಿನ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಹೊಲಸಿಗೇ ಖರ್ಚು. ಇಷ್ಟು ಮಡಿ ಯಾರಿಗಾಗಿ ಎಂದರೆ ಪಾರ್ವೊ ವೈರಸ್ಸಿಗಾಗಿ. ಮನುಷ್ಯರಿಗೆ ಅಂಟದ ಈ ರೋಗ ಮರಿಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಸಿಬಿಡಬಲ್ಲದು; ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಿನ್ನ ಚಪ್ಪಲಿ ಹತ್ತಿ ಊರಿಗೂ ಹೋಗುತ್ತದೆ. ಧಾರವಾಡದ ಮನೆಯಲ್ಲಿ ಮರಿಗಳಿದ್ದರೆ ಇಲ್ಲಿ ಮೆಟ್ಟಿದ್ದನ್ನು ಮೆಟ್ಟಿಕೊಂಡು ಹೋಗಬೇಡ. ಇನ್ನೊಂದು ಮಾತು: ಯಾವ ನಾಯಿಗೆ ರಕ್ತಭೇದಿ, ಯಾವುದರ ಹೊಟ್ಟೆಯಲ್ಲಿ ಹುಳು ಎಂದು ಡಾಕ್ಟರಿಗಿಂತ ಮೊದಲು ಗೊತ್ತಾಗುವುದು ಬಳಿಯುವವನಿಗೆ.

ಇನ್ನು ಮುಟ್ಟುವ ವಿಚಾರ. ನಮ್ಮಲ್ಲಿ ಕೆಂಚಿ ಎಂಬ ಹೆಣ್ಣು ನಾಯಿ ಇದೆ, ಮೊರ್ಜಿ ಕಡಲತೀರದಿಂದ ಬಂದದ್ದು. ಮೇ ಕೊನೆಗೆ ಶ್ಯಾಕುಗಳನ್ನು, ಅಂದರೆ ತೀರದ ತಾತ್ಕಾಲಿಕ ಹೋಟೆಲುಗಳನ್ನು, ಕಿತ್ತು ಪ್ರವಾಸಿಗರು ಖಾಲಿಯಾದ ಮೇಲೆ, ಎಂಟು ತಿಂಗಳು ಮೀನಿನ ಎಂಜಲು ತಿಂದು ಕೊಬ್ಬಿದ ನಾಯಿಗಳು ಮಳೆಯಲ್ಲಿ ಉಪವಾಸ ಬೀಳುತ್ತವೆ. ಕೆಂಚಿಗೆ ಯಾರು ಯಾವುದರಿಂದ ಹೊಡೆದಿದ್ದರೋ, ಪೊರಕೆಯ ಹಿಡಿ ಮೇಲೆದ್ದರೆ ಸಾಕು, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಉಚ್ಚೆ ಹೊಯ್ದುಬಿಡುತ್ತಿತ್ತು. ಅದರ ಪಂಜರಕ್ಕೆ ಬರೀ ಪೈಪಿನ ನೀರು. ತೊಳೆದಾದ ಮೇಲೆ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ, ಮಾತಿಲ್ಲ, ತಿರುಗಿ ನೋಡುವುದಿಲ್ಲ. ಎಷ್ಟೋ ವಾರಗಳ ಮೇಲೆ ಹಿಂದಿನಿಂದ ಬಂದು ತುರುಬು ಮೂಸಿತು. ಬೇಯಿಸಿದ ಕೋಳಿಯ ಚೂರನ್ನು ಅಂಗೈಯಲ್ಲಿ ಇಟ್ಟರೆ ಹಲ್ಲು ತಾಗದಂತೆ ತುಟಿಯಿಂದಷ್ಟೇ ಎತ್ತಿಕೊಳ್ಳುತ್ತದೆ. ಅದನ್ನು ಮೂಲೆಗೆ ಒಯ್ದು, ನೆಲಕ್ಕಿಟ್ಟು, ಒಮ್ಮೆ ನನ್ನ ಕಡೆ ನೋಡಿ, ಆಮೇಲೆ ತಿನ್ನುತ್ತದೆ. ಇಂಥವುಗಳ ನಡುವೆ ಒಂದು ದಿನ ಬಂದು ತಲೆ ಸವರಿ, ಫೋಟೊ ತೆಗೆಸಿಕೊಂಡು ಹೋಗುವವರಿಂದ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಕೊಂಕಣಿ ಬಾರದು ಎಂದು ಕೊರಗಬೇಡ. ನೀನು ಇರುವುದು ಝುವಾರಿನಗರದಲ್ಲಿ, ಅಲ್ಲಿ ಓಣಿಗೆ ಓಣಿಯೇ ಕನ್ನಡ. ಮಿಷನ್ ರೇಬೀಸ್ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಬೀದಿ ಬೀದಿಗೆ ಬಂದು, ಬಲೆ ಹಾಕಿ ಹಿಡಿದು, ಲಸಿಕೆ ಚುಚ್ಚಿ, ಬಣ್ಣದ ಗುರುತು ಹಾಕಿ ಅಲ್ಲಿಯೇ ಬಿಡುತ್ತಾರೆ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾದದ್ದು ಈ ದುಡಿಮೆಯಿಂದ. ನೂರರಲ್ಲಿ ಎಪ್ಪತ್ತು ನಾಯಿಗಳಿಗಾದರೂ ಲಸಿಕೆ ಬೀಳಬೇಕು, ಹೊಸ ಮರಿಗಳು ಹುಟ್ಟುತ್ತಲೇ ಇರುವುದರಿಂದ ವರ್ಷ ವರ್ಷವೂ ಬೀಳಬೇಕು. ಬಲೆ ಕಂಡ ಕೂಡಲೇ ನಮ್ಮ ಹೆಂಗಸರು ‘ಕೊಲ್ಲಲು ಬಂದರು’ ಎಂದು ನಾಯಿಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ಆ ಬಾಗಿಲು ತೆರೆಸಲು ಧಾರವಾಡದ ಕನ್ನಡ ಬೇಕು. ಪೊರಕೆ ಹಿಡಿಯಲು ನನ್ನಂಥವರು ಇದ್ದೇವೆ, ಆ ಕೆಲಸ ನಿನ್ನಿಂದಲೇ ಆಗುವಂಥದು.

ರಾಘವೇಂದ್ರ, ಪುಣೆ

ಮನುಷ್ಯರ ಮಕ್ಕಳಿಗೇ ಗತಿಯಿಲ್ಲ, ನಾಯಿಗಳಿಗೆ ಇಷ್ಟು ಉಪಚಾರ. ಕೋಥ್ರೂಡಿನ ನಮ್ಮ ಸೊಸೈಟಿಯ ಗೇಟಿನಲ್ಲಿ ರಾತ್ರಿ ಬೈಕುಗಳ ಬೆನ್ನಟ್ಟುತ್ತವೆ. ಎಲ್ಲವನ್ನೂ ಒಳಗೆ ಹಾಕಿ ಬೀಗ ಜಡಿಯಲು ಏನು ಕಷ್ಟ?

ಲೀಲಾ, ಮಡಗಾಂವ್

ವಿನಾಯಕ ಅವರೇ, ನಾನು ನರ್ಸ್. ಹೊಕ್ಕುಳ ಸುತ್ತ ಚುಚ್ಚುವ ಕಾಲ ಹೋಗಿ ಬಹಳ ದಿನಗಳಾದವು ಎಂದು ತಾಯಿಯವರಿಗೆ ಹೇಳಿ, ಈಗ ತೋಳಿಗೆ. ನಾಯಿಗಳ ನಡುವೆ ಕೆಲಸ ಮಾಡುವವರು ಕಚ್ಚುವ ಮೊದಲೇ ರೇಬೀಸ್ ಲಸಿಕೆಯ ಮೂರು ಡೋಸ್ ತೆಗೆದುಕೊಳ್ಳಬೇಕು: ಮೊದಲ ದಿನ, ಏಳನೆಯ ದಿನ, ಮತ್ತೆ 21 ಅಥವಾ 28ನೆಯ ದಿನ. ಆಮೇಲೆ ಕಚ್ಚಿದರೂ ಎರಡು ಡೋಸ್ ಸಾಕು, ಕಚ್ಚಿದ ದಿನ ಒಂದು, ಮೂರು ದಿನ ಬಿಟ್ಟು ಒಂದು. ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಮದ್ದು) ಚುಚ್ಚುವ ಅಗತ್ಯವೂ ಬರುವುದಿಲ್ಲ. ಕಚ್ಚಲಿ, ಪರಚಲಿ, ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಬನ್ನಿ. ಅರಿಸಿನ, ಸುಣ್ಣ, ಖಾರದ ಪುಡಿ ಮೆತ್ತಿಕೊಂಡು ಬರುವವರನ್ನು ಇಂದಿಗೂ ನೋಡುತ್ತಿದ್ದೇನೆ, ದಯವಿಟ್ಟು ಬೇಡ. ಮಳೆಗಾಲದಲ್ಲಿ ಗಮ್‌ಬೂಟು ಹಾಕಿಕೊಳ್ಳಿ. ಇಲಿಜ್ವರ ನಾಯಿಯ ಮೂತ್ರದಿಂದಲೂ ಬರುತ್ತದೆ, ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಸಾಕು.

ಶಾರದಾ, ಮಾಪ್ಸಾ

ರಾಘವೇಂದ್ರ ಅವರೇ, ನಿಮ್ಮ ಗೇಟಿನ ನಾಯಿಗಳ ಕಿವಿ ನೋಡಿ. ತುದಿಯಲ್ಲಿ ಕತ್ತರಿಸಿದ ಗುರುತಿಲ್ಲದಿದ್ದರೆ ಅವುಗಳಿಗೆ ಸಂತಾನಹರಣ ಚಿಕಿತ್ಸೆ ಆಗಿಲ್ಲ. ನಗರಪಾಲಿಕೆಗೆ ಅರ್ಜಿ ಹಾಕಿ, ಬೆನ್ನು ಬಿಡಬೇಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದ ಜಾಗದಲ್ಲಿಯೇ ಬಿಡಬೇಕು. ದೆಹಲಿಯ ನಾಯಿಗಳನ್ನೆಲ್ಲ ಒಳಗೆ ಹಾಕಿ ಎಂದಿದ್ದ ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರಂದು ಅದನ್ನು ಸಡಿಲಿಸಿ, ರೇಬೀಸ್ ಇರುವವು ಮತ್ತು ಮೇಲೆರಗುವಂಥವುಗಳನ್ನು ಬಿಟ್ಟು ಉಳಿದವನ್ನು ವಾಪಸು ಬಿಡಿ ಎಂದಿತು. ಹಿಡಿದು ಕೊಲ್ಲುವುದೂ ಹಳೆಯ ಪ್ರಯೋಗವೇ. 1832ರಲ್ಲಿ ಬ್ರಿಟಿಷರು ಮುಂಬೈಯಲ್ಲಿ ಹಾಗೆ ಮಾಡಹೋಗಿ ಪಾರ್ಸಿಗಳ ಗಲಭೆ ಎದುರಿಸಿದರು. ನಾಯಿಗಳು ಇನ್ನೂ ಮುಂಬೈಯಲ್ಲಿಯೇ ಇವೆ. ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ ಸರಿ, ನಮ್ಮ ಆಶ್ರಯಧಾಮದ ಪಕ್ಕದ ವಿಲ್ಲಾದವರ ನಿದ್ದೆ ಹಾಳಾಗುತ್ತದೆ. ಬೀಗ ಹಾಕಿದ ಜಾಗದ ಗದ್ದಲ ಏನೆಂದು ಅವರನ್ನು ಕೇಳಬೇಕು.

ವಿನಾಯಕ, ಝುವಾರಿನಗರ

ಅಕ್ಕಾ, ನಮ್ಮ ಕೋಣೆಯ ಮಾಲೀಕರೇ ಬಾಗಿಲು ಮುಚ್ಚುವವರಲ್ಲಿ ಮೊದಲಿಗರು! ಲಸಿಕೆ ತಂಡದ ಜೊತೆ ಖಂಡಿತ ಹೋಗುತ್ತೇನೆ. ಆದರೂ ಭಾನುವಾರ ಪೊರಕೆ ಹಿಡಿಯುವ ಆಸೆ ಬಿಟ್ಟಿಲ್ಲ. ಮಾಪ್ಸಾ ದೂರವಾಗುತ್ತದೆ, ಬಸ್ಸು ಬದಲಿಸಿ ಬರುವುದರೊಳಗೆ ಅರ್ಧ ದಿನ ಹೋಗುತ್ತದೆ. ದಕ್ಷಿಣದಲ್ಲಿ ಎಲ್ಲಿಯಾದರೂ ಇದೆಯೇ?

ಶಾರದಾ, ಮಾಪ್ಸಾ

ಕುಡಚಡೆಯಲ್ಲಿ ಗೋವಾ ಅನಿಮಲ್ ವೆಲ್ಫೇರ್ ಟ್ರಸ್ಟ್‌ನದು ಇದೆ. ವಾಸ್ಕೊ–ಕುಳೆಂ ಪ್ಯಾಸೆಂಜರ್ ಹತ್ತಿ ಸಾವರ್ಡೆಂನಲ್ಲಿ ಇಳಿ, ಆ ನಿಲ್ದಾಣ ಇರುವುದೇ ಕುಡಚಡೆಯಲ್ಲಿ. ಮೊದಲು ಫೋನ್ ಮಾಡಿ ಕೇಳು, ಲೀಲಾ ಹೇಳಿದ ಮೂರು ಡೋಸ್ ಮುಗಿಸಿ ಹೋಗು. ಉದ್ದ ಪ್ಯಾಂಟು ಇರಲಿ. ಹಳೆಯ ಬೆಡ್‌ಶೀಟು, ದಿನಪತ್ರಿಕೆ ಎಷ್ಟು ಒಯ್ದರೂ ಬೇಡವೆನ್ನುವುದಿಲ್ಲ. ಬಿಸ್ಕತ್ತು ಮಾತ್ರ ಒಯ್ಯಬೇಡ, ಸಕ್ಕರೆ ಅವಕ್ಕೆ ಒಗ್ಗುವುದಿಲ್ಲ, ಮರುದಿನ ಬಳಿಯುವವನು ನಿನ್ನನ್ನು ಬೈಯುತ್ತಾನೆ.